ಲಾಟ್ವಿಯನ್‌ನಲ್ಲಿ ಸಿಟ್ಟು ಮಾಡಿಕೊಳ್ಳಲು ಕಲಿತದ್ದು

ಲಾಟ್ವಿಯಾದ ರಾಜಧಾನಿ ರೀಗಾಕ್ಕೆ ಬಂದ ಮೊದಲ ಚಳಿಗಾಲದಲ್ಲಿ ಒಂದು ನೋಟ್‌ಬುಕ್ ತಂದು ಎರಡು ಕಾಲಂ ಎಳೆದೆ. ಎಡಕ್ಕೆ ಇಂಗ್ಲಿಷ್, ಬಲಕ್ಕೆ ಲಾಟ್ವಿಯನ್. ತರಕಾರಿ, ಬಸ್ಸು, ವಾರದ ದಿನಗಳೆಲ್ಲ ಸಲೀಸಾಗಿ ಸಾಗಿದವು. ಭಾವನೆಗಳ ಪುಟಕ್ಕೆ ಬಂದಾಗ ಎಡವಿದೆ.

ಆಂಗ್ರಿಗೆ ದುಸ್ಮೀಗ್ಸ್, ಫ್ಯೂರಿಯಸ್‌ಗೆ ನಿಕ್ನ್ಸ್ ಎಂದು ಬರೆದುಕೊಂಡಿದ್ದೆ. ಹೆಂಗಸರು ಹೇಳುವಾಗ ದುಸ್ಮೀಗ, ನಿಕ್ನ. ಒಂದು ದಿನ ಮೇಲಿನ ಮನೆಯಿಂದ ನಮ್ಮ ಬಚ್ಚಲುಮನೆಗೆ ನೀರು ಸೋರಿತು. ಮೇಲೆ ಹೋಗಿ ಅಲ್ಲಿದ್ದ ಅಜ್ಜಿಗೆ "ಎಸ್ ಎಸ್ಮು ನಿಕ್ನ" ಎಂದೆ. ಅವರ ಮುಖ ಬಾಡಿತು. ಮುಂದಿನ ಭಾನುವಾರ ಮೆಝಪಾರ್ಕ್ಸ್ ಕಡೆ ನಡೆದು ಹೋಗುವಾಗ ಒಂದು ಗೇಟಿನ ಮೇಲೆ ನಾಯಿಯ ಚಿತ್ರವಿರುವ ಬೋರ್ಡು ಕಂಡೆ: "ನಿಕ್ನ್ಸ್ ಸುನ್ಸ್". ಸುನ್ಸ್ ಎಂದರೆ ನಾಯಿ. ನಮ್ಮಲ್ಲಿ 'ನಾಯಿ ಇದೆ, ಎಚ್ಚರಿಕೆ' ಅಂತ ಹಾಕುತ್ತಾರಲ್ಲ, ಅದೇ. ಮನುಷ್ಯರಿಗೂ ಆ ಪದ ಬಳಸುತ್ತಾರೆ ನಿಜ, ಆದರೆ ನಾಲ್ಕು ಹನಿ ನೀರಿಗೆ, ಅದೂ ವಯಸ್ಸಾದವರ ಮುಂದೆ! ಹೊಟ್ಟೆಯಲ್ಲಿ ಸಂಕಟವಾಯಿತು.

ಕ್ಲಾಸಿನಲ್ಲಿ ಟೀಚರಿಗೆ ಇದನ್ನು ಹೇಳಿದಾಗ ಅವರು ಬೋರ್ಡಿನ ಮೇಲೆ ಒಂದೇ ಸಾಲು ಬರೆದರು: "ಮನ್ ನಾಕ್ ದುಸ್ಮಸ್". ಮನ್ ಎಂದರೆ ನನಗೆ, ನಾಕ್ ಎಂದರೆ ಬರುತ್ತದೆ, ದುಸ್ಮಸ್ ಎಂದರೆ ಕೋಪ. ನನಗೆ ಕೋಪ ಬರುತ್ತದೆ! ಪೆನ್ನು ಕೆಳಗಿಟ್ಟು ನೋಡುತ್ತಾ ಕೂತೆ. ಇಂಗ್ಲಿಷಿನಲ್ಲಿ 'ನಾನು' ಮುಂದೆ ನಿಂತು ಕೋಪವನ್ನು ಹೊತ್ತುಕೊಳ್ಳಬೇಕು. ಇಲ್ಲಿ ಹಾಗಲ್ಲ, ಕೋಪ ತಾನಾಗಿ ನನ್ನ ಬಳಿ ಬರುತ್ತದೆ, ಥೇಟ್ ಕನ್ನಡದ ಹಾಗೆ. "ಮನ್ ನಾಕ್ ಮಿಯೆಗ್ಸ್" ಎಂದರೆ ನನಗೆ ನಿದ್ದೆ ಬರುತ್ತಿದೆ. "ಮನ್ ಇರ್ ಬೈಲ್" ಎಂದರೆ ನನಗೆ ಭಯ. "ಮನ್ ಇರ್ ಕೌನ್ಸ್" ಎಂದರೆ ನನಗೆ ನಾಚಿಕೆ. ಇಷ್ಟು ದಿನ ಇಂಗ್ಲಿಷಿನ ಮೂಲಕ ಸುತ್ತಿ ಬಳಸಿ ಬರುತ್ತಿದ್ದೆ.

ಅಂದು ರಾತ್ರಿಯೇ ನೋಟ್‌ಬುಕ್ಕಿನಲ್ಲಿ ಎಡದ ಕಾಲಂ ಹೊಡೆದುಹಾಕಿ ಕನ್ನಡ ಬರೆದೆ. ಕಿರಿಕಿರಿಯಾದರೆ ಐಸ್ಕೈತಿನಾತ. ಮನಸ್ಸಿಗೆ ಬೇಸರವಾದರೆ ಸರೂಗ್ತಿನಾತ. ಅದರೊಳಗೆ ಇರುವುದು ರೂಗ್ತ್ಸ್, ಅಂದರೆ ಕಹಿ. ಮನಸ್ಸು ಕಹಿಯಾಯಿತು ಎಂದು ನಾವು ಅನ್ನುವುದಿಲ್ಲವೇ? ಅಪ್‌ಸೆಟ್ ಎಂಬ ಪದದಿಂದ ಹೊರಟಿದ್ದರೆ ಇದು ಎಂದೂ ನೆನಪಿನಲ್ಲಿ ಕೂರುತ್ತಿರಲಿಲ್ಲ. ದುಸ್ಮಸ್, ಬೈಲೆಸ್ (ಭಯ), ಸ್ಕುಮ್ಯಸ್ (ದುಃಖ), ಇಲ್ಗಸ್ (ಹಂಬಲ) ಎಲ್ಲವೂ ಬಹುವಚನ. ಸಂತೋಷಕ್ಕೆ ಪ್ರಿಯೆಕ್ಸ್, ಅದು ಏಕವಚನ. ಕಷ್ಟಗಳು ಗುಂಪಾಗಿ ಬರುತ್ತವೆ ಎಂದುಕೊಂಡೇ ನಾನು ಇದನ್ನು ನೆನಪಿಟ್ಟುಕೊಂಡೆ. ಮುನಿಸಿಗೆ ಮಾತ್ರ ತಕ್ಕ ಪದ ನನಗೆ ಇನ್ನೂ ಸಿಕ್ಕಿಲ್ಲ.

ನೀನು, ನೀವು ಎಂಬ ವ್ಯತ್ಯಾಸವೂ ಇಲ್ಲಿದೆ. ಸಿಟ್ಟಾಗಬೇಡ ಎಂದು ಮಗಳಿಗೆ ಹೇಳುವಾಗ "ನೆದುಸ್ಮುವೊಯ್ಯೆಸ್". ಸಿಟ್ಟಾಗಬೇಡಿ ಎಂದು ದೊಡ್ಡವರಿಗೆ ಹೇಳುವಾಗ "ನೆದುಸ್ಮುವೊಯ್ಯೆತಿಯೆಸ್". ಈ ಎರಡನೆಯದನ್ನು ಮೆಟ್ಟಿಲು ಹತ್ತುವಾಗ ಏಳೆಂಟು ಬಾರಿ ಹೇಳಿಕೊಂಡು ಮೇಲಿನ ಮನೆಯ ಕದ ತಟ್ಟಿದೆ.

"ನೆಕಸ್, ನೆಕಸ್" ಎಂದರು ಅಜ್ಜಿ. ಏನಿಲ್ಲ, ಏನಿಲ್ಲ. ಒಳಗೆ ಹೋಗಿ ಒಂದು ಕಟ್ಟು ಸಬ್ಸಿಗೆ ಸೊಪ್ಪು ತಂದು ಕೈಗಿಟ್ಟರು.