ಮೇ ತಿಂಗಳ ದೆಹಲಿ: ನೆರಳಿನ ಜಾಡು ಹಿಡಿದು ನಡೆದ ನನ್ನ ಅನುಭವ

ರಾಯಚೂರಿನ ಬಿಸಿಲಿನಲ್ಲಿ ಬೆಳೆದ ನನಗೆ ದೆಹಲಿಯ ಬೇಸಿಗೆಯಲ್ಲಿ ಹೊಸದೆನಿಸಿದ್ದು ಅಲ್ಲಿನ ಉಷ್ಣಾಂಶವಲ್ಲ. ಮಧ್ಯಾಹ್ನದ ಹೊತ್ತಿಗೆ ಪಶ್ಚಿಮದಿಂದ ಬೀಸುವ ‘ಲೂ’ ಎಂಬ ಒಣ ಗಾಳಿ. ಕಚೇರಿಯ ಕೆಲಸಕ್ಕಾಗಿ ಮೇ ಮತ್ತು ಜೂನ್ ತಿಂಗಳುಗಳನ್ನು ಅಲ್ಲಿ ಕಳೆಯಬೇಕಾಗಿ ಬಂದಾಗ, ಊರು ನೋಡುವುದಿದ್ದರೆ ಚಳಿಗಾಲದಲ್ಲಿ ಬನ್ನಿ ಎಂದು ಪರಿಚಿತರೆಲ್ಲರೂ ಹೇಳಿದರು. ಆದರೂ ರಜೆಯ ದಿನಗಳಲ್ಲಿ ನಾನು ಆ ನಗರವನ್ನು ಕಾಲ್ನಡಿಗೆಯಲ್ಲಿಯೇ ನೋಡಿದೆ. ಅದು ಸಾಧ್ಯವಾದದ್ದು ನೋಡಬೇಕಾದ ಸ್ಥಳಗಳ ಪಟ್ಟಿಯನ್ನು ಬದಿಗಿಟ್ಟು, ಯಾವ ಹೊತ್ತಿನಲ್ಲಿ ಎಲ್ಲಿ ನೆರಳಿರುತ್ತದೆ ಎಂಬುದನ್ನು ಮೊದಲು ತಿಳಿದುಕೊಂಡದ್ದರಿಂದ.

ದೆಹಲಿಯು ಸುಮಾರು 28.6 ಡಿಗ್ರಿ ಉತ್ತರ ಅಕ್ಷಾಂಶದಲ್ಲಿರುವುದರಿಂದ ಜೂನ್ ತಿಂಗಳ ನಡುವಿನಲ್ಲಿ ಮಧ್ಯಾಹ್ನದ ಸೂರ್ಯ 85 ಡಿಗ್ರಿಗಳಷ್ಟು ಎತ್ತರಕ್ಕೇರುತ್ತಾನೆ. ಆಗ ಆಳೆತ್ತರದ ಗೋಡೆಯಿದ್ದರೂ ಅದರ ಬುಡದಲ್ಲಿ ನಿಲ್ಲುವಷ್ಟು ನೆರಳು ಸಿಗುವುದಿಲ್ಲ. ಉತ್ತರ-ದಕ್ಷಿಣವಾಗಿ ಸಾಗುವ ಬೀದಿಗಳಲ್ಲಿ ಬೆಳಿಗ್ಗೆ ಪೂರ್ವದ ಬದಿಯೂ ಸಂಜೆ ಪಶ್ಚಿಮದ ಬದಿಯೂ ನೆರಳಿನಲ್ಲಿರುತ್ತವೆ, ಪೂರ್ವ-ಪಶ್ಚಿಮವಾಗಿ ಸಾಗುವ ಬೀದಿಗಳಲ್ಲಿ ಮಾತ್ರ ಬಿಸಿಲು ಬೀದಿಯುದ್ದಕ್ಕೂ ಹರಿಯುತ್ತದೆ. ಇಷ್ಟು ತಿಳಿದ ಮೇಲೆ ನನ್ನ ದಿನವನ್ನು ಎರಡಾಗಿ ಕತ್ತರಿಸಿಕೊಂಡೆ: ಸೂರ್ಯೋದಯದಿಂದ ಒಂಬತ್ತು ಗಂಟೆಯವರೆಗೆ ಒಂದು ನಡಿಗೆ, ಸಂಜೆ ಐದೂವರೆಯ ನಂತರ ಇನ್ನೊಂದು.

ಬೆಳಗಿನ ನಡಿಗೆಗೆ ಲೋಧಿ ಉದ್ಯಾನಕ್ಕಿಂತ ಒಳ್ಳೆಯ ಆರಂಭ ನನಗೆ ಸಿಗಲಿಲ್ಲ. ಜೂನ್ ಮೊದಲ ವಾರಗಳಲ್ಲಿ ಐದೂವರೆಗೆ ಮುಂಚೆಯೇ ಬೆಳಕು ಹರಿಯುತ್ತದೆ, ಪ್ರವೇಶ ಶುಲ್ಕವಿಲ್ಲ, ಸಮಾಧಿಗಳ ನಡುವಿನ ದಾರಿಗಳಿಗೆ ಮರಗಳ ಹೊದಿಕೆಯಿದೆ. 1936ರಲ್ಲಿ ಬ್ರಿಟಿಷರು ಇಲ್ಲಿದ್ದ ಹಳ್ಳಿಯನ್ನು ತೆರವುಗೊಳಿಸಿ, ಸಯ್ಯದ್ ಮತ್ತು ಲೋಧಿ ಸುಲ್ತಾನರ ಕಾಲದ ಕಟ್ಟಡಗಳ ಸುತ್ತ ಈ ಉದ್ಯಾನವನ್ನು ಬೆಳೆಸಿದರು. ಮುಹಮ್ಮದ್ ಷಾನ ಎಂಟು ಮೂಲೆಯ ಸಮಾಧಿಯಿಂದ ಹೊರಟು ಬಡಾ ಗುಂಬದ್ ಮತ್ತು ಶೀಶ್ ಗುಂಬದ್‌ಗಳನ್ನು ಹಾದು ಸಿಕಂದರ್ ಲೋಧಿಯ ಸಮಾಧಿಯನ್ನು ತಲುಪಲು ನಿಧಾನವಾಗಿ ನಡೆದರೂ ಒಂದು ಗಂಟೆ ಸಾಕು. ಅಲ್ಲಿಂದ ಹೊರಬಿದ್ದು ಪಕ್ಕದ ಅಮೃತಾ ಶೇರ್‌ಗಿಲ್ ಮಾರ್ಗಕ್ಕೆ ಹೋದರೆ, ನಮ್ಮ ಕಕ್ಕೆ ಮರಗಳು ಎಲೆಯೇ ಕಾಣದಂತೆ ಹಳದಿ ಹೂ ಬಿಟ್ಟು ನಿಂತಿರುತ್ತವೆ. ಚಳಿಗಾಲದಲ್ಲಿ ಬರುವ ಪ್ರವಾಸಿಗರಿಗೆ ಈ ನೋಟ ದಕ್ಕುವುದಿಲ್ಲವೆಂಬುದನ್ನು, ನನಗೆ ಸಲಹೆ ನೀಡಿದವರಿಗೆ ಆಮೇಲೆ ತಿಳಿಸಿದೆ. ಅಕ್ಬರ್ ರಸ್ತೆಯ ಹುಣಸೆ ಮರಗಳೂ ಜನಪಥದ ಹೊಳೆಮತ್ತಿ (ಅರ್ಜುನ) ಮರಗಳೂ ಕೊಡುವ ನೆರಳಿನಿಂದಾಗಿ ಹೊಸ ದೆಹಲಿಯ ಈ ಭಾಗದಲ್ಲಿ ಒಂಬತ್ತರ ನಂತರವೂ ಸ್ವಲ್ಪ ಹೊತ್ತು ನಡೆಯಬಹುದು. ಇಂಡಿಯಾ ಗೇಟ್ ಮತ್ತು ಕರ್ತವ್ಯ ಪಥದ ವಿಶಾಲ ಬಯಲಿಗೆ ಆ ಮಾತು ಸಲ್ಲದು. ಅದನ್ನು ಬೆಳಿಗ್ಗೆ ಆರಕ್ಕೆ ನೋಡಿ ಮುಗಿಸಬೇಕು.

ಹುಮಾಯೂನನ ಸಮಾಧಿಗೂ ನಾನು ಬೆಳಿಗ್ಗೆಯೇ ಹೋದೆ. ಅದರ ಕಲ್ಲಿನ ಎತ್ತರದ ಜಗಲಿ ದಿನವಿಡೀ ಬಿಸಿಲು ಕುಡಿದು, ಸಂಜೆ ಸೂರ್ಯ ಇಳಿದ ಮೇಲೂ ಕಾದ ಹಂಚಿನಂತೆ ಝಳ ಬಿಡುತ್ತಿರುತ್ತದೆ; ಸೂರ್ಯೋದಯದ ಹೊತ್ತಿಗಾದರೆ ರಾತ್ರಿಯೆಲ್ಲ ತಣಿದಿರುತ್ತದೆ. ದಪ್ಪ ಗೋಡೆ, ಎರಡು ಪದರದ ಗುಮ್ಮಟ, ಗಾಳಿಯಾಡಲು ಕಲ್ಲಿನ ಜಾಲಂಧ್ರ ಇರುವುದರಿಂದ ಒಳಗಿನ ಕೋಣೆಗಳು ಹೊರಗಿಗಿಂತ ಸ್ಪಷ್ಟವಾಗಿ ತಂಪಾಗಿರುತ್ತವೆ. ಹದಿನಾರನೆಯ ಶತಮಾನದಲ್ಲಿ ಕಟ್ಟಿದವರಿಗೆ ಈ ಹವೆಯ ಪರಿಚಯ ಚೆನ್ನಾಗಿಯೇ ಇತ್ತು. ಟಿಕೆಟ್ ಅನ್ನು ಹಿಂದಿನ ರಾತ್ರಿಯೇ ಮೊಬೈಲಿನಲ್ಲಿ ಕೊಂಡಿಟ್ಟರೆ ಬಿಸಿಲಿನ ಸರತಿ ತಪ್ಪುತ್ತದೆ.

ನಡುಹಗಲನ್ನು ಜನಪಥದ ರಾಷ್ಟ್ರೀಯ ವಸ್ತುಸಂಗ್ರಹಾಲಯದಲ್ಲಿ ಕಳೆಯುತ್ತಿದ್ದೆ. ಸೋಮವಾರ ಅದಕ್ಕೂ ಕೆಂಪುಕೋಟೆಗೂ ರಜೆ ಎಂಬುದನ್ನು ನೆನಪಿನಲ್ಲಿಡಬೇಕು. ಹರಪ್ಪ ವಿಭಾಗದಲ್ಲಿರುವ ಮೊಹೆಂಜೊದಾರೊದ ಕಂಚಿನ ನರ್ತಕಿಯು ಹತ್ತೂವರೆ ಸೆಂಟಿಮೀಟರಿನಷ್ಟು ಮಾತ್ರ ಎತ್ತರವಿದ್ದು, ಅವಸರದಲ್ಲಿ ಹೋದರೆ ಕಣ್ತಪ್ಪಿ ಹೋಗಬಹುದು.

ಸಂಜೆಯ ಪಾಲು ಹಳೆಯ ದೆಹಲಿಯದು. ಬಹುತೇಕರು ಕೆಂಪುಕೋಟೆಯ ಕಡೆಯಿಂದ ಚಾಂದನಿ ಚೌಕವನ್ನು ಪ್ರವೇಶಿಸುತ್ತಾರೆ. ಆ ಬೀದಿ ಪೂರ್ವ-ಪಶ್ಚಿಮವಾಗಿರುವುದರಿಂದ ಇಳಿಬಿಸಿಲು ನೇರವಾಗಿ ಮುಖಕ್ಕೆ ಹೊಡೆಯುತ್ತದೆ. ನಾನು ಫತೇಪುರಿ ಮಸೀದಿಯ ತುದಿಯಿಂದ ಆರಂಭಿಸಿ ಸೂರ್ಯನಿಗೆ ಬೆನ್ನು ಮಾಡಿ ಕೋಟೆಯತ್ತ ನಡೆದೆ. ಬೆಳಿಗ್ಗೆ ಒಂಬತ್ತರಿಂದ ರಾತ್ರಿ ಒಂಬತ್ತರವರೆಗೆ ಮುಖ್ಯ ಬೀದಿಯಲ್ಲಿ ಮೋಟಾರು ವಾಹನಗಳಿಗೆ ನಿರ್ಬಂಧವಿದೆ, ಸೈಕಲ್ ರಿಕ್ಷಾಗಳಿಗೆ ದಾರಿ ಬಿಟ್ಟುಕೊಂಡರೆ ಸಾಕು. ನಿಜವಾದ ನೆರಳಿರುವುದು ಒಳಗಿನ ಗಲ್ಲಿಗಳಲ್ಲಿ: ದಕ್ಷಿಣಕ್ಕೆ ತಿರುಗುವ ದರೀಬಾ ಕಲಾಂ, ಅಲ್ಲಿಂದ ಕವಲೊಡೆಯುವ ಕಿನಾರಿ ಬಜಾರ್, ಅದರೊಳಗೆ ಬಣ್ಣದ ಬಾಗಿಲುಗಳ ಹಳೆಯ ಜೈನ ಮನೆಗಳಿರುವ ನೌಘರಾ. ಜಾಮಾ ಮಸೀದಿಯ ಅಂಗಳದಲ್ಲಿ ಚಪ್ಪಲಿ ಬಿಡಬೇಕಾದ್ದರಿಂದ ಕಾದ ಕಲ್ಲಿನಿಂದ ಅಂಗಾಲನ್ನು ಉಳಿಸಿಕೊಳ್ಳಲು ದಪ್ಪನೆಯ ಕಾಲುಚೀಲವನ್ನು ಚೀಲದಲ್ಲಿಟ್ಟುಕೊಂಡಿದ್ದೆ. ನಮಾಜಿನ ವೇಳೆಯಲ್ಲಿ ಪ್ರವಾಸಿಗರನ್ನು ಒಳಗೆ ಬಿಡುವುದಿಲ್ಲ, ಸಮಯವನ್ನು ಮೊದಲೇ ಕೇಳಿಕೊಳ್ಳಬೇಕು.

ನೀರಿನ ವಿಷಯದಲ್ಲಿ ನಾನು ಬಾಯಾರಿಕೆಯನ್ನು ನೆಚ್ಚಿಕೊಳ್ಳಲಿಲ್ಲ. ಲೂ ಗಾಳಿಯಲ್ಲಿ ಬೆವರು ಹೊಮ್ಮಿದ ಕ್ಷಣವೇ ಆರಿಹೋಗುವುದರಿಂದ ಅಂಗಿ ಒದ್ದೆಯಾಗುವುದೇ ಇಲ್ಲ, ದೇಹದಿಂದ ಎಷ್ಟು ನೀರು ಹೋಯಿತೆಂಬ ಅಂದಾಜೂ ಸಿಗುವುದಿಲ್ಲ. ಒಂದು ಲೀಟರ್ ಶುದ್ಧ ನೀರಿಗೆ ಆರು ಚಹಾ ಚಮಚ ಸಕ್ಕರೆ ಮತ್ತು ಅರ್ಧ ಚಹಾ ಚಮಚ ಉಪ್ಪು ಬೆರೆಸಿ, ಗಡಿಯಾರ ನೋಡಿ ಕುಡಿಯುತ್ತಿದ್ದೆ. ಒದ್ದೆ ಮಾಡಿದ ಹತ್ತಿಯ ಟವೆಲ್ ತಲೆಗೂ ಕತ್ತಿಗೂ ಟೋಪಿಗಿಂತ ಹೆಚ್ಚು ಉಪಯೋಗಕ್ಕೆ ಬಂತು. ಬೀದಿಯ ಶಿಕಂಜಿ ಎಂಬ ನಿಂಬೆ ಪಾನಕ, ಬಿಲ್ವದ ಹಣ್ಣಿನ ಶರಬತ್ತು, ಮಾವಿನಕಾಯಿಯ ಪನ್ನಾ ಇವೆಲ್ಲ ರುಚಿಯಾಗಿಯೇ ಇರುತ್ತವೆ. ಮಂಜುಗಡ್ಡೆ ಬೇಡವೆಂದು ಮಾತ್ರ ಹೇಳುತ್ತಿದ್ದೆ. ಬಂಗ್ಲಾ ಸಾಹಿಬ್ ಗುರುದ್ವಾರ ಹಗಲಿರುಳೂ ತೆರೆದಿರುತ್ತದೆ, ಅಲ್ಲಿ ಕುಡಿಯುವ ನೀರಿಗೂ ಊಟಕ್ಕೂ ಯಾರೂ ಹಣ ಕೇಳುವುದಿಲ್ಲ.

ಈ ಕ್ರಮವೆಲ್ಲ ಒಣ ಬಿಸಿಲಿಗೆ ಹೊಂದುವಂಥದ್ದು. ದೆಹಲಿಗೆ ಮುಂಗಾರು ಬರುವ ವಾಡಿಕೆಯ ದಿನ ಜೂನ್ 27. ಅದಕ್ಕೆ ಕೆಲವು ದಿನ ಮುಂಚಿನಿಂದಲೇ ಗಾಳಿಯಲ್ಲಿ ತೇವ ಹೆಚ್ಚಿ, ಬೆವರು ಆರದೆ, ಒದ್ದೆ ಟವೆಲ್ಲಿನಿಂದಲೂ ಮರದ ನೆರಳಿನಿಂದಲೂ ಹೆಚ್ಚಿನ ಪ್ರಯೋಜನ ಕಾಣುವುದಿಲ್ಲ. ಆ ಹಂತದಲ್ಲಿ ನಾನು ಸಂಜೆಯ ನಡಿಗೆಯನ್ನು ಕೈಬಿಟ್ಟು, ಬೆಳಗಿನದನ್ನು ಏಳೂವರೆಗೇ ಮುಗಿಸತೊಡಗಿದೆ.