ಇಲಿಯ ಗ್ಲೂಕೋಕೈನೇಸ್: ಅಂಗಾಂಶದಲ್ಲಿ ಅಳೆಯುವುದು, ವರ್ಣತಂತುವಿನಲ್ಲಿ ಗುರುತಿಸುವುದು

ಧಾರವಾಡ, ಬೆಳಗಾವಿ, ಕಲಬುರಗಿಗಳಲ್ಲಿ ಎಂ.ಎಸ್ಸಿ. ಮುಗಿಸಿ ಪುಣೆ, ಮುಂಬಯಿಯ ಪ್ರಯೋಗಾಲಯಗಳನ್ನು ಸೇರುವ ನಮ್ಮ ವಿದ್ಯಾರ್ಥಿಗಳಿಗಾಗಿ ಈ ಟಿಪ್ಪಣಿ. ಒಂದು ಕಿಣ್ವದ ಜೀನ್ ಯಾವ ಅಂಗಾಂಶದಲ್ಲಿ ಎಷ್ಟು ಸಕ್ರಿಯವಾಗಿದೆ ಎಂಬುದು ಒಂದು ಪ್ರಶ್ನೆ. ಅದು ಯಾವ ವರ್ಣತಂತುವಿನಲ್ಲಿದೆ ಎಂಬುದು ಇನ್ನೊಂದು. ಎರಡನ್ನೂ ಕಲಿಯಲು, ಗ್ಲೂಕೋಸಿಗೆ ಫಾಸ್ಫೇಟ್ ಜೋಡಿಸುವ ಕಿಣ್ವವಾದ ಗ್ಲೂಕೋಕೈನೇಸ್‌ಗಿಂತ ಒಳ್ಳೆಯ ಉದಾಹರಣೆ ನನಗೆ ಕಾಣದು.

ಸಂಸ್ಥೆಯ ಪ್ರಾಣಿ ನೈತಿಕ ಸಮಿತಿಯ ಅನುಮತಿ ಕೈಸೇರಿದ ಮೇಲೆಯೇ ಕೆಲಸ ಆರಂಭವಾಗಬೇಕು. ಆಮೇಲೆ ಮೊದಲು ತೀರ್ಮಾನಿಸಬೇಕಾದದ್ದು ಅಂಗಾಂಶ ತೆಗೆಯುವ ಹೊತ್ತು. ಯಕೃತ್ತಿನಲ್ಲಿ ಈ ಜೀನ್ ಇನ್ಸುಲಿನ್ನಿನ ಆಜ್ಞೆಯಂತೆ ನಡೆಯುತ್ತದೆ: ಉಪವಾಸವಿದ್ದ ಇಲಿಯಲ್ಲಿ (ಇಲ್ಲಿ ಇಲಿ ಎಂದರೆ ಮೌಸ್, ರ‍್ಯಾಟ್ ಅಲ್ಲ) ಅದರ ಆರ್‌ಎನ್‌ಎ ಬಹುತೇಕ ಕಾಣದಷ್ಟು ಇಳಿದು, ಮತ್ತೆ ಆಹಾರ ಕೊಟ್ಟಾಗ ಏರುತ್ತದೆ. ಇಲಿಗಳು ಹೆಚ್ಚಾಗಿ ರಾತ್ರಿ ತಿನ್ನುವುದರಿಂದ, ಒಂದನ್ನು ಬೆಳಿಗ್ಗೆಯೂ ಮತ್ತೊಂದನ್ನು ಸಂಜೆಯೂ ತೆಗೆದುಕೊಂಡರೆ ನೀವು ಅಳೆಯುವುದು ಜೀನನ್ನಲ್ಲ, ಊಟದ ವೇಳೆಯನ್ನು. ತೆಗೆದ ತುಣುಕನ್ನು ಕೂಡಲೇ ದ್ರವ ಸಾರಜನಕದಲ್ಲಿ ಹೆಪ್ಪುಗಟ್ಟಿಸಿ; ಮೇದೋಜೀರಕ ಗ್ರಂಥಿಯಲ್ಲಿ ಆರ್‌ಎನ್‌ಎಯನ್ನು ಕತ್ತರಿಸುವ ಕಿಣ್ವಗಳು ಯಥೇಚ್ಛವಾಗಿರುವುದರಿಂದ ಅಲ್ಲಿ ತಡ ಸಲ್ಲದು. ಇನ್ಸುಲಿನ್ ಸ್ರವಿಸುವ, ಈ ಜೀನ್ ನಡೆಯುವ ಬೀಟಾ ಕೋಶಗಳು ಆ ಗ್ರಂಥಿಯ ತೀರಾ ಸಣ್ಣ ಪಾಲು, ಆದ್ದರಿಂದ ಇಡೀ ಗ್ರಂಥಿಯನ್ನು ಅರೆಯುವ ಬದಲು ಅವು ಇರುವ ದ್ವೀಪಕೋಶಗಳನ್ನು ಬೇರ್ಪಡಿಸಿಕೊಳ್ಳುವುದೇ ಮೇಲು.

ಆರ್‌ಎನ್‌ಎಯನ್ನು ಡಿಎನ್‌ಎಯಾಗಿ ನಕಲಿಸಿ ಪಿಸಿಆರ್‌ನಿಂದ ಅಳೆಯುವಾಗ, ನಕಲನ್ನು ಆರಂಭಿಸುವ ಚಿಕ್ಕ ಡಿಎನ್‌ಎ ತುಣುಕುಗಳಾದ ಪ್ರೈಮರ್‌ಗಳ ವಿನ್ಯಾಸದಲ್ಲಿ ಹೆಚ್ಚು ಎಚ್ಚರ ಬೇಕು. ಈ ಜೀನಿಗೆ ಎರಡು ಪ್ರೊಮೋಟರ್‌ಗಳಿದ್ದು (ಜೀನಿನ ನಕಲು ಆರಂಭವಾಗುವ ತಾಣಗಳು), ಒಂದು ಯಕೃತ್ತಿನಲ್ಲಿ, ಇನ್ನೊಂದು ಬೀಟಾ ಕೋಶಗಳಲ್ಲಿ ಕೆಲಸ ಮಾಡುತ್ತದೆ. ಹಾಗಾಗಿ ಮೊದಲ ಎಕ್ಸಾನ್ (ಆರ್‌ಎನ್‌ಎಯಲ್ಲಿ ಉಳಿಯುವ ಜೀನಿನ ಭಾಗ) ಎರಡು ಕಡೆ ಬೇರೆ ಬೇರೆ, ಉಳಿದವು ಒಂದೇ. ಒಟ್ಟು ಪ್ರಮಾಣ ಬೇಕಿದ್ದರೆ ಸಮಾನ ಎಕ್ಸಾನ್‌ಗಳಲ್ಲಿ, ಯಾವ ಪ್ರೊಮೋಟರ್ ನಡೆದಿದೆ ಎಂದು ತಿಳಿಯಬೇಕಿದ್ದರೆ ಮೊದಲ ಎಕ್ಸಾನ್‌ನಲ್ಲಿ ಒಂದು ಪ್ರೈಮರ್ ಇರಿಸಿ. ಹೋಲಿಕೆಯ ಜೀನ್ ಆಗಿ ಎಲ್ಲರೂ ರೂಢಿಯಿಂದ ಬಳಸುವ ಜಿಎಪಿಡಿಎಚ್ ಇಲ್ಲಿ ನನಗೆ ಒಪ್ಪಿಗೆಯಿಲ್ಲ: ಅದೂ ಗ್ಲೂಕೋಸ್ ವಿಭಜನೆಯ ಕಿಣ್ವವೇ, ಮೇಲಾಗಿ ಮೌಸ್ ಜೀನೋಮಿನಲ್ಲಿ ಅದರ ಹುಸಿಜೀನ್‌ಗಳು, ಅಂದರೆ ಕೆಲಸ ಮಾಡದ ಪ್ರತಿಗಳು, ರಾಶಿಯಾಗಿದ್ದು, ಆರ್‌ಎನ್‌ಎಯಲ್ಲಿ ಸ್ವಲ್ಪ ಡಿಎನ್‌ಎ ಉಳಿದರೂ ಸುಳ್ಳು ಸಂಕೇತ ಬರುತ್ತದೆ. ಉಳಿದ ಡಿಎನ್‌ಎಯನ್ನು ಕತ್ತರಿಸುವ ಡಿಎನ್‌ಏಸ್ ಉಪಚಾರವನ್ನೂ, ಆರ್‌ಎನ್‌ಎಯನ್ನು ಡಿಎನ್‌ಎಯಾಗಿ ನಕಲಿಸುವ ರಿವರ್ಸ್ ಟ್ರಾನ್ಸ್‌ಕ್ರಿಪ್ಟೇಸ್ ಹಾಕದ ನಳಿಕೆಯನ್ನೂ ಯಾವಾಗಲೂ ಇಟ್ಟುಕೊಳ್ಳಿ.

ಇನ್ನು ನೆಲೆ, ಅಂದರೆ ಜೀನ್ ಯಾವ ವರ್ಣತಂತುವಿನಲ್ಲಿದೆ ಎಂಬುದು. ಇದನ್ನು ಹೊಳೆಯುವ ಬಣ್ಣ ಕಟ್ಟಿದ ಡಿಎನ್‌ಎ ತುಣುಕಿನಿಂದ (ಪ್ರೋಬ್) ಗುರುತಿಸುತ್ತೇವೆ. ಮೌಸ್‌ನ 40 ವರ್ಣತಂತುಗಳ ಸೆಂಟ್ರೋಮಿಯರ್‌ಗಳೂ (ಎರಡು ಎಳೆಗಳು ಕೂಡಿರುವ ಭಾಗ) ಒಂದು ತುದಿಯಲ್ಲೇ ಇರುವುದರಿಂದ ಆಕಾರ ನೋಡಿ ಒಂದರಿಂದ ಒಂದನ್ನು ಬಿಡಿಸುವುದು ಕಷ್ಟ. ಗ್ಲೂಕೋಕೈನೇಸ್ 11ನೆಯ ವರ್ಣತಂತುವಿನಲ್ಲಿ, ಸೆಂಟ್ರೋಮಿಯರ್‌ಗೆ ಸಮೀಪದಲ್ಲಿದೆ. ಜೀನನ್ನು ಹೊತ್ತ ಬಿಎಸಿ ಕ್ಲೋನಿಗೆ (ಬ್ಯಾಕ್ಟೀರಿಯಾದಲ್ಲಿ ಬೆಳೆಸಿದ ದೊಡ್ಡ ಡಿಎನ್‌ಎ ತುಣುಕು) ಒಂದು ಬಣ್ಣ, 11ನೆಯದರ ಗುರುತಿನ ಪ್ರೋಬಿಗೆ ಇನ್ನೊಂದು ಬಣ್ಣ ಕೊಟ್ಟು ಸ್ಲೈಡಿನ ಮೇಲಿನ ವರ್ಣತಂತುಗಳೊಡನೆ ಒಟ್ಟಿಗೆ ಕೂಡಿಸಿ. ಪುನರಾವರ್ತಿತ ಅನುಕ್ರಮಗಳನ್ನು ಮುಚ್ಚಲು ಮೌಸ್‌ನದೇ ಕಾಟ್-1 ಡಿಎನ್‌ಎ (ಅಂಥ ಅನುಕ್ರಮಗಳೇ ಹೆಚ್ಚಿರುವ ಡಿಎನ್‌ಎ) ಬೆರೆಸಿ. ಡಿಎನ್‌ಎಗೆ ಅಂಟುವ ಡಾಪಿ ಬಣ್ಣದಲ್ಲಿ ಸೆಂಟ್ರೋಮಿಯರ್ ಹೊಳೆಯುವ ಚುಕ್ಕೆಯಾಗಿ ಕಾಣುತ್ತದೆ, ನಿಮ್ಮ ಸಂಕೇತ ಅದರ ಬಳಿಯೇ ಬೀಳಬೇಕು.

ಇದಕ್ಕೆ ಬೇಕಾದ ಸ್ಲೈಡ್‌ಗಳಿಗಾಗಿ ಗುಲ್ಮದ ಲಿಂಫೋಸೈಟ್‌ಗಳನ್ನು ಬೆಳೆಸಿ, ಕೋಲ್ಸೆಮಿಡ್‌ನಿಂದ ವಿಭಜನೆಯನ್ನು ತಡೆದು, 0.075 ಮೋಲಾರ್ ಪೊಟ್ಯಾಸಿಯಂ ಕ್ಲೋರೈಡ್‌ನಲ್ಲಿ ಉಬ್ಬಿಸಿ, 3:1 ಮೆಥನಾಲ್–ಅಸಿಟಿಕ್ ಆಮ್ಲದಲ್ಲಿ ಸ್ಥಿರಗೊಳಿಸಿದ ಕೋಶಗಳನ್ನು ಸ್ಲೈಡಿಗೆ ಹನಿಸುವಾಗ ಊರಿನ ಹವೆ ಮುಖ್ಯವಾಗುತ್ತದೆ. ಏಪ್ರಿಲ್ ತಿಂಗಳ ಪುಣೆಯ ಒಣ ಗಾಳಿಯಲ್ಲಿ ಹನಿ ಬೇಗ ಆರಿ ವರ್ಣತಂತುಗಳು ಗುಂಪಾಗಿಯೇ ಉಳಿಯುತ್ತವೆ. ಆಗ ಸ್ಲೈಡಿನ ಕೆಳಗೆ ಒದ್ದೆ ಟಿಶ್ಯೂ ಕಾಗದ ಹಾಸಿ. ಮುಂಬಯಿಯ ಜುಲೈಯಲ್ಲಿ ಹನಿ ನಿಧಾನವಾಗಿ ಆರುವುದರಿಂದ ಅವು ಅತಿಯಾಗಿ ಚದುರಿ, ಪಕ್ಕದ ಕೋಶದವುಗಳೊಡನೆ ಬೆರೆಯುತ್ತವೆ. ಆಗ ತೇವ ನಿಯಂತ್ರಿಸಿದ ಕೋಣೆಯಲ್ಲಿ ಹನಿಸಿ, ಸ್ಲೈಡನ್ನು ತುಸು ಬೆಚ್ಚಗಿಡಿ. ಒಂದೊಂದೇ ಸ್ಲೈಡನ್ನು ಫೇಸ್ ಕಾಂಟ್ರಾಸ್ಟ್‌ನಲ್ಲಿ ನೋಡಿ, ಸರಿಯೆನಿಸಿದ ಮೇಲೆ ಮುಂದಿನದಕ್ಕೆ ಕೈಹಾಕಿ.

11ನೆಯ ಜೋಡಿಯ ಎರಡೂ ವರ್ಣತಂತುಗಳಲ್ಲಿ, ಪ್ರತಿಯೊಂದರ ಎರಡೂ ಎಳೆಗಳಲ್ಲಿ (ಕ್ರೊಮ್ಯಾಟಿಡ್) ಒಂದೇ ಜಾಗದಲ್ಲಿ ಚುಕ್ಕೆ ಕಂಡ ಮೆಟಾಫೇಸ್‌ಗಳನ್ನು (ವಿಭಜನೆಯ ಮಧ್ಯೆ ತಡೆದ ಕೋಶಗಳ ವರ್ಣತಂತು ಗುಂಪುಗಳು) ಮಾತ್ರ ಎಣಿಸಿ. ಇದೇ ಕೆಲಸವನ್ನು ರ‍್ಯಾಟ್‌ನಲ್ಲಿ ಮಾಡುವುದಾದರೆ ವರ್ಣತಂತುಗಳು 42, ಜೀನ್ ಇರುವುದು 14ನೆಯದರಲ್ಲಿ. ಪ್ರೋಬ್, ಕಾಟ್-1 ಎರಡೂ ರ‍್ಯಾಟ್‌ನವೇ ಆಗಿರಬೇಕು.