ಹಳೆ ಕಂಪ್ಯೂಟರಿನ ವಿಂಡೋಸ್ ಹೊಸದಕ್ಕೆ ಬರುತ್ತದಾ? ಬಿಚ್ಚುವ ಮೊದಲೇ ನೋಡಿಕೊಳ್ಳಿ

ತುಲಾ ತಿಂಗಳ ಸಂಜೆ ಗುಡುಗು ಶುರುವಾಯಿತೆಂದರೆ ನಮ್ಮ ಕಾಸರಗೋಡಿನ ಬದಿಯಡ್ಕ, ಪೆರ್ಲದ ಕಡೆ ಎಲ್ಲರೂ ಮೊದಲು ಓಡುವುದು ಪ್ಲಗ್ ಎಳೆಯಲು. ಒಂದು ಸಂಜೆ ನಾನು ಮನೆಯಲ್ಲಿರಲಿಲ್ಲ. ಸಿಡಿಲಿಗೆ ಮದರ್‌ಬೋರ್ಡ್ ಹೋಯಿತು. ಮದುವೆ ಕಾಗದ, ಬ್ರಹ್ಮಕಲಶದ ಆಮಂತ್ರಣ, ಯಕ್ಷಗಾನ ಆಟದ ಹ್ಯಾಂಡ್‌ಬಿಲ್ ಎಲ್ಲ ಟೈಪ್ ಮಾಡುತ್ತಿದ್ದ ಯಂತ್ರ ಅದು. ಮಂಗಳೂರಿನಿಂದ ಬಿಡಿಭಾಗ ತಂದು ಹೊಸದು ಜೋಡಿಸಿದೆವು. ಆದರೆ ದುಡ್ಡು ಕೊಟ್ಟು ತೆಗೆದುಕೊಂಡಿದ್ದ ವಿಂಡೋಸ್‌ನ ಕೀ, ಅಂದರೆ ಅದು ನಮ್ಮದೆಂದು ತೋರಿಸುವ 25 ಅಕ್ಷರಗಳ ಗುರುತು, ಬರೆದಿಟ್ಟಿರಲಿಲ್ಲ, ಬಿಲ್ಲೂ ಸಿಗಲಿಲ್ಲ. ಇನ್ನೊಂದು ಲೈಸೆನ್ಸ್ ಕೊಳ್ಳಬೇಕಾಯಿತು. ಹಳೆಯದು ಓಡುತ್ತಿದ್ದಾಗಲೇ ಹತ್ತು ನಿಮಿಷ ಕೊಟ್ಟಿದ್ದರೆ ಆ ಖರ್ಚು ಇರುತ್ತಿರಲಿಲ್ಲ. ನಿಮಗೆ ಹಾಗಾಗಬಾರದು ಎಂದೇ ಇದನ್ನು ಬರೆಯುತ್ತಿದ್ದೇನೆ.

ನಿಮ್ಮದು ಯಾವ ಬಗೆ?

ಎಲ್ಲ ಲೈಸೆನ್ಸ್‌ಗಳೂ ಜಾಗ ಬದಲಿಸುವುದಿಲ್ಲ. ಕಂಪನಿಯ ಕಂಪ್ಯೂಟರ್ ಅಥವಾ ಲ್ಯಾಪ್‌ಟಾಪ್ ಜೊತೆಗೇ ಬಂದದ್ದು ಒಇಎಂ. ಅದು ಆ ಮದರ್‌ಬೋರ್ಡ್‌ಗೆ ಅಂಟಿಕೊಂಡದ್ದು, ಅದರ ಜೊತೆಗೇ ಮುಗಿಯಿತು. ಬೇರೆಯಾಗಿ ಪೆಟ್ಟಿಗೆಯಲ್ಲೋ ಆನ್‌ಲೈನ್‌ನಲ್ಲೋ ಕೊಂಡದ್ದು ರಿಟೇಲ್. ಅದನ್ನು ಹೊಸದಕ್ಕೆ ಒಯ್ಯಬಹುದು, ಆದರೆ ಒಂದು ಹೊತ್ತಿಗೆ ಒಂದೇ ಯಂತ್ರದಲ್ಲಿರಬೇಕು. ಮೂರನೆಯದು ಕಚೇರಿಗಳಿಗೆ ಕೊಡುವ ವಾಲ್ಯೂಮ್ ಲೈಸೆನ್ಸ್. ಅದು ಆ ಸಂಸ್ಥೆಯದು, ನಿಮ್ಮದಲ್ಲ. ಕೆಲವು ನೂರು ರೂಪಾಯಿಗೆ ಸಿಗುವ ಕೀಗಳಲ್ಲಿ ಇಂಥವೇ ಹಲವು. ಇವತ್ತು ಆ್ಯಕ್ಟಿವೇಟ್ ಆಗಿ ನಾಳೆ ನಿಂತುಬಿಡಬಹುದು. ದಯವಿಟ್ಟು ಆ ದಾರಿ ಹಿಡಿಯಬೇಡಿ.

ನಿಮ್ಮದು ಯಾವುದೆಂದು ತಿಳಿಯಲು ವಿಂಡೋಸ್ ಗುಂಡಿ ಮತ್ತು ಆರ್ ಒಟ್ಟಿಗೆ ಒತ್ತಿ. ಬರುವ ಚಿಕ್ಕ ಪೆಟ್ಟಿಗೆಯಲ್ಲಿ ಇಂಗ್ಲಿಷ್ ಅಕ್ಷರಗಳಲ್ಲಿ ಎಸ್‌ಎಲ್‌ಎಂಜಿಆರ್ ಎಂದು ಬರೆದು, ಒಂದು ಸ್ಪೇಸ್ ಬಿಟ್ಟು, ಓರೆಗೆರೆ ಹಾಕಿ, ಅದಕ್ಕೆ ತಾಗಿಸಿ ಡಿಎಲ್‌ಐ ಎಂದು ಬರೆಯಿರಿ. ಎಂಟರ್ ಒತ್ತಿ ಸ್ವಲ್ಪ ಕಾದರೆ ಒಂದು ಕಿಟಕಿ ಬರುತ್ತದೆ. ರಿಟೇಲ್, ಒಇಎಂ, ವಾಲ್ಯೂಮ್ ಇವುಗಳಲ್ಲಿ ಯಾವುದೆಂದು ಅದರಲ್ಲೇ ಇರುತ್ತದೆ.

ಇಲ್ಲಿ ಜಾಸ್ತಿ ಜನ ಎಡವುತ್ತಾರೆ. ಅದೇ ಕಿಟಕಿಯಲ್ಲಿ ಕೀಯ ಕೊನೆಯ ಐದು ಅಕ್ಷರ ಕಾಣುತ್ತದಲ್ವಾ? ಅದು 3ವಿ66ಟಿ ಅಥವಾ 8ಎಚ್‌ವಿಎಕ್ಸ್7 ಆಗಿದ್ದರೆ ಅದು ನಿಮ್ಮ ಸ್ವಂತ ಕೀ ಅಲ್ಲ. ಮೊದಲನೆಯದು ಪ್ರೊ, ಎರಡನೆಯದು ಹೋಮ್ ಆವೃತ್ತಿಗೆ ಲಕ್ಷಾಂತರ ಯಂತ್ರಗಳಲ್ಲಿರುವ ಸಾಮಾನ್ಯ ಕೀ. ಹಳೆಯ ವಿಂಡೋಸ್ 7ರಿಂದಲೋ 8ರಿಂದಲೋ ಉಚಿತವಾಗಿ ಮೇಲೇರಿದ ಯಂತ್ರಗಳಲ್ಲಿ ಹೀಗಿರುತ್ತದೆ. ಕಿಟಕಿ ರಿಟೇಲ್ ಎಂದರೂ ನಂಬಬೇಡಿ. ಮೂಲದ ವಿಂಡೋಸ್ ಒಇಎಂ ಆಗಿದ್ದರೆ ಇದೂ ಒಇಎಂ ಎಂದೇ ತಿಳಿಯಿರಿ. ಆ 7, 8ರ ಕೀಯನ್ನೇ ಹೊಸದರಲ್ಲಿ ಹಾಕೋಣ ಎಂದರೆ ಮೈಕ್ರೋಸಾಫ್ಟ್ ಆ ದಾರಿಯನ್ನು 2023ರಲ್ಲಿ ಮುಚ್ಚಿದೆ.

ಒಇಎಂ ಎಂದು ಗೊತ್ತಾದರೆ ಸುಮ್ನೆ ಹೊತ್ತು ಕಳೆಯಬೇಡಿ. ಹೊಸ ಲೈಸೆನ್ಸ್‌ಗೆ ದುಡ್ಡು ತೆಗೆದಿಡಿ. ಮನೆಯ ಮಟ್ಟಿನ ಕೆಲಸವಾದರೆ ವಿಂಡೋಸ್ ಬದಲು ಉಚಿತವಾಗಿ ಸಿಗುವ ಲಿನಕ್ಸ್ ಹಾಕಬಹುದು. ನಮ್ಮ ಕಾಸರಗೋಡಿನ ಮಕ್ಕಳು ಸರ್ಕಾರಿ ಶಾಲೆಯಲ್ಲಿ ಕಲಿಯುವುದೇ ಕೇರಳ ಸರ್ಕಾರದ ಕೈಟ್ ಸಂಸ್ಥೆ ಕೊಡುವ ಲಿನಕ್ಸ್‌ನಲ್ಲಿ. ಮನೆಯಲ್ಲಿ ಕಲಿಸಿಕೊಡಲು ಅವರೇ ಸಾಕು.

ಹಳೆಯದರಲ್ಲಿ ಮಾಡಬೇಕಾದದ್ದು

ರಿಟೇಲ್ ಆದರೆ 25 ಅಕ್ಷರಗಳ ಪೂರ್ತಿ ಕೀ ಹುಡುಕಿ. ಪೆಟ್ಟಿಗೆಯೊಳಗಿನ ಕಾರ್ಡ್, ಕೊಂಡಾಗ ಬಂದ ಇಮೇಲ್ ನೋಡಿ. ಬಿಲ್ಲನ್ನು ಫೋಟೋ ಹೊಡೆದಿಡಿ.

ಆಮೇಲೆ ಸೆಟ್ಟಿಂಗ್ಸ್‌ನ ಆ್ಯಕ್ಟಿವೇಷನ್ ಪುಟಕ್ಕೆ ಹೋಗಿ. ಲೈಸೆನ್ಸ್ ನಿಮ್ಮ ಮೈಕ್ರೋಸಾಫ್ಟ್ ಖಾತೆಗೆ ಜೋಡಿಸಿದೆ ಎಂದು ಅಲ್ಲಿ ಬರೆದಿರಬೇಕು. ಇಲ್ಲವಾದರೆ ಅಲ್ಲೇ ಖಾತೆ ಸೇರಿಸಿ. ಕಂಪ್ಯೂಟರಿನ ಹೆಸರನ್ನೂ ಗುರುತು ಮಾಡಿಕೊಳ್ಳಿ, ಮುಂದೆ ಬೇಕಾಗುತ್ತದೆ. ನುಡಿ, ಬರಹ ತಂತ್ರಾಂಶಗಳ ಹಳೆ ಫಾಂಟ್‌ಗಳಲ್ಲಿ ಟೈಪ್ ಮಾಡಿದ ಫೈಲುಗಳಿದ್ದರೆ ಆ ಫಾಂಟ್‌ಗಳನ್ನೂ ನಕಲು ಮಾಡಿ. ಅವಿಲ್ಲದೆ ಹೊಸದರಲ್ಲಿ ಕನ್ನಡದ ಜಾಗದಲ್ಲಿ ಅರ್ಥವಾಗದ ಚಿಹ್ನೆಗಳು ಕಾಣುತ್ತವೆ.

ಕೀ ತೆಗೆಯುವುದು ಎಲ್ಲಕ್ಕಿಂತ ಕೊನೆಗೆ. ಸ್ಟಾರ್ಟ್‌ನಲ್ಲಿ ಸಿಎಂಡಿ ಎಂದು ಹುಡುಕಿ, ಅಡ್ಮಿನಿಸ್ಟ್ರೇಟರ್ ಆಗಿ ತೆರೆದು, ಮೊದಲಿನ ಆಜ್ಞೆಯಲ್ಲಿ ಡಿಎಲ್‌ಐ ಬದಲು ಯುಪಿಕೆ ಎಂದು ಕೊಡಿ. ಪೂರ್ತಿ ಕೀ ಕೈಯಲ್ಲಿ ಇಲ್ಲದಿದ್ದರೆ ಇದನ್ನು ಮುಟ್ಟಲೇಬೇಡಿ.

ಹೊಸದರಲ್ಲಿ

8 ಜಿಬಿ ಪೆನ್‌ಡ್ರೈವ್‌ಗೆ ಮೈಕ್ರೋಸಾಫ್ಟ್‌ನ ಮೀಡಿಯಾ ಕ್ರಿಯೇಷನ್ ಟೂಲ್‌ನಿಂದ ವಿಂಡೋಸ್ 11 ಇಳಿಸಿ. 10ರ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ, ಹೊಸ ಯಂತ್ರಕ್ಕೆ ಅದು ಬೇಡ. 10ರ ರಿಟೇಲ್ ಕೀ 11ಕ್ಕೂ ನಡೆಯುತ್ತದೆ. ಆದರೆ ಹೋಮ್ ಕೀಗೆ ಹೋಮ್, ಪ್ರೊ ಕೀಗೆ ಪ್ರೊ. ಬೇರೆ ಆವೃತ್ತಿ ಹಾಕಿ ಆ್ಯಕ್ಟಿವೇಟ್ ಆಗಲಿಲ್ಲ ಎಂದು ಒದ್ದಾಡಿದವರನ್ನು ನಾನು ಬೇಕಾದಷ್ಟು ನೋಡಿದ್ದೇನೆ. ಇನ್‌ಸ್ಟಾಲ್ ಮಾಡುವಾಗ ಕೀ ಕೇಳಿದರೆ ನನ್ನ ಬಳಿ ಇಲ್ಲ ಎಂಬುದನ್ನು ಒತ್ತಿ ಮುಂದೆ ಹೋಗಬಹುದು. ವೈಫೈ ಹಿಡಿಯದಿದ್ದರೆ ಮೊಬೈಲನ್ನು ಯುಎಸ್‌ಬಿ ಕೇಬಲ್‌ನಲ್ಲಿ ಸಿಕ್ಕಿಸಿ ಇಂಟರ್ನೆಟ್ ಕೊಡಿ.

ಡೆಸ್ಕ್‌ಟಾಪ್ ಬಂದ ಮೇಲೆ ಸೆಟ್ಟಿಂಗ್ಸ್, ಸಿಸ್ಟಮ್, ಆ್ಯಕ್ಟಿವೇಷನ್ ಎಂದು ಹೋಗಿ ಕೀ ಬದಲಿಸುವ ಗುಂಡಿ ಒತ್ತಿ 25 ಅಕ್ಷರ ತುಂಬಿ. ಹೆಚ್ಚಿನವರಿಗೆ ಕೆಲಸ ಇಲ್ಲಿಗೇ ಮುಗಿಯುತ್ತದೆ.

ಆಗದಿದ್ದರೆ ಅದೇ ಪುಟದಲ್ಲಿ ಟ್ರಬಲ್‌ಶೂಟ್ ಇರುತ್ತದೆ. ಅದನ್ನು ಓಡಿಸಿ, ಇತ್ತೀಚೆಗೆ ಹಾರ್ಡ್‌ವೇರ್ ಬದಲಿಸಿದ್ದೇನೆ ಎಂಬ ಸಾಲು ಆರಿಸಿ, ಹಳೆಯದರಲ್ಲಿ ಜೋಡಿಸಿದ್ದ ಅದೇ ಖಾತೆಯಿಂದ ಒಳಗೆ ಹೋಗಿ. ನಿಮ್ಮ ಯಂತ್ರಗಳ ಪಟ್ಟಿ ಬರುತ್ತದೆ. ಗುರುತು ಮಾಡಿಕೊಂಡ ಹೆಸರು ಬೇಕಾಗುವುದು ಇಲ್ಲೇ. ಹಳೆಯದನ್ನು ಆರಿಸಿ, ಈಗ ಬಳಸುತ್ತಿರುವುದು ಇದೇ ಎಂದು ಟಿಕ್ ಹಾಕಿ ಆ್ಯಕ್ಟಿವೇಟ್ ಮಾಡಿ. ಹೀಗೆ ಎಷ್ಟು ಸಲ ಬದಲಿಸಬಹುದು ಎಂಬುದಕ್ಕೆ ಮಿತಿ ಇದೆ. ಆದ್ದರಿಂದ ಹೊಸ ಯಂತ್ರದ ಭಾಗಗಳೆಲ್ಲ ಸರಿಯಾಗಿ ಕೂತಿವೆಯೇ, ಬೋರ್ಡ್ ವಾಪಸು ಕೊಡುವಂತಿಲ್ಲವೇ ಎಂದು ನಾಲ್ಕು ದಿನ ಓಡಿಸಿ ನೋಡಿಯೇ ಆ್ಯಕ್ಟಿವೇಟ್ ಮಾಡಿ.

ಹಳೆಯ ಡಬ್ಬಿಯನ್ನು ಯಾರಿಗಾದರೂ ಕೊಡುವುದಾದರೆ ಇದೆಲ್ಲ ಆದ ಮೇಲೆಯೇ ಕೊಡಿ, ಡಿಸ್ಕ್ ಪೂರ್ತಿ ಅಳಿಸಿ ಕೊಡಿ.